ಹೇಗೂ ಕೆಟ್ಟಾಯಿತು, ತಿಂದುಬಿಡು

1970ರ ದಶಕ. ಅಮೆರಿಕದ ವಿಶ್ವವಿದ್ಯಾಲಯವೊಂದರ ಮನಶ್ಶಾಸ್ತ್ರ ವಿಭಾಗದ ಕೋಣೆಯಲ್ಲಿ ಕೂತಿದ್ದೀರಿ. ನೀವು ಅಲ್ಲಿಯ ವಿದ್ಯಾರ್ಥಿನಿ, ಅಂಥ ದಪ್ಪವೇನೂ ಇಲ್ಲ, ಆದರೂ ಸದಾ ಡಯಟ್. ರುಚಿ ನೋಡಿ ಅಂಕ ಕೊಡಬೇಕು ಎಂದಷ್ಟೇ ಹೇಳಿ ಕರೆದಿದ್ದಾರೆ.

ಮೊದಲು ಮಿಲ್ಕ್‌ಶೇಕ್ ಬರುತ್ತದೆ. ಲೋಟದ ಹೊರಮೈ ಬೆವರಿದೆ. ಬೇಡ ಎನ್ನುವ ಹಾಗಿಲ್ಲ, ಕುಡಿಯುತ್ತೀರಿ. ಕೆಲವರಿಗೆ ಎರಡು ಲೋಟ, ಕೆಲವರಿಗೆ ಏನೂ ಇಲ್ಲ. ಅದು ನಿಮಗೆ ಗೊತ್ತಿಲ್ಲ.

ಆಮೇಲೆ ಮೂರು ಬಗೆಯ ಐಸ್‌ಕ್ರೀಂ. ಎಷ್ಟು ಬೇಕಾದರೂ ತಿನ್ನಿ ಎಂದು ಹೇಳಿ ನಿಮ್ಮನ್ನು ಒಬ್ಬರನ್ನೇ ಬಿಟ್ಟು ಹೋಗುತ್ತಾರೆ.

ಹೊಟ್ಟೆ ಆಗಲೇ ಭಾರ. ಒಂದೊಂದು ಚಮಚಕ್ಕೆ ಸಾಕೆನಿಸಬೇಕು. ಆದರೆ ತಲೆಯೊಳಗೆ ಬೇರೆಯದೇ ಲೆಕ್ಕ: ಇವತ್ತಿನ ಡಯಟ್ ಹೇಗೂ ಕೆಟ್ಟಾಯಿತು, ನಾಳೆಯಿಂದ ನೋಡಿಕೊಂಡರಾಯಿತು. ಚಮಚ ಬಟ್ಟಲಿನ ಅಂಚು ಕೆರೆಯುತ್ತಿದೆ. ಅಂಕದ ಹಾಳೆ ಯಾವಾಗಲೋ ತುಂಬಿದೆ. ಕೈ ಮಾತ್ರ ನಿಂತಿಲ್ಲ.

ನೀವು ಎದ್ದುಹೋದ ಮೇಲೆ ಬಟ್ಟಲುಗಳು ತಕ್ಕಡಿ ಏರುತ್ತವೆ. ಅವರಿಗೆ ಬೇಕಿದ್ದದ್ದು ಅಂಕವಲ್ಲ, ತೂಕ. ಪೀಟರ್ ಹರ್ಮನ್, ಡೆಬೊರಾ ಮ್ಯಾಕ್ 1975ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಡಯಟ್ ಗೊಡವೆಯಿಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಂ ಕಡಿಮೆ ತಿಂದರು. ಬಾಯಿ ಕಟ್ಟಿದವರು ಕುಡಿದ ಮೇಲೇ ಹೆಚ್ಚು ತಿಂದರು. ದಪ್ಪಗಿರುವವರಿಗೆ ನಾಲಿಗೆ ಮೇಲೆ ಹಿಡಿತವಿಲ್ಲ ಎಂದು ಆಡಿಕೊಳ್ಳುವವರು ಈ ತೂಕದ ಚೀಟಿ ನೋಡಬೇಕಿತ್ತು. ಮುಗ್ಗರಿಸಿದವರು ಹಿಡಿತ ಬಿಗಿ ಮಾಡಿಕೊಂಡವರೇ.

ಬಾಯಿ ಕಟ್ಟಿದವರು ಯಾರೆಂದು ತಿಳಿಯಲು ಒಂದು ಪ್ರಶ್ನಾವಳಿ. ನಾಲ್ಕು ಜನರೆದುರು ಹಿತಮಿತವಾಗಿ ತಿಂದು, ಒಬ್ಬರೇ ಇದ್ದಾಗ ತೀರಿಸಿಕೊಳ್ಳುತ್ತೀರಾ ಎಂಬ ಅರ್ಥದ ಪ್ರಶ್ನೆಯೂ ಅದರಲ್ಲಿದೆ. ಮದುವೆಮನೆಯಲ್ಲಿ ಹೋಳಿಗೆಗೆ ಕೈ ಅಡ್ಡ ಹಿಡಿದು, ರಾತ್ರಿ ಅಡುಗೆಮನೆಯಲ್ಲಿ ಡಬ್ಬಿ ತಡಕಿದ ಯಾರಿಗೂ ಉತ್ತರ ಬರೆಯಲು ಕಷ್ಟವಾಗದು.

ಅದೇ ವರ್ಷ ಹರ್ಮನ್ ಮತ್ತು ಜಾನೆಟ್ ಪೊಲಿವಿ ಪ್ರಕಟಿಸಿದ ಇನ್ನೊಂದು ಪ್ರಯೋಗಕ್ಕೂ ಬನ್ನಿ. ಮತ್ತೆ ಐಸ್‌ಕ್ರೀಂ, ಆದರೆ ಈ ಸಲ ಕರೆಂಟ್ ಶಾಕ್ ಕೊಡುತ್ತೇವೆ ಎಂದು ಮೊದಲೇ ಹೆದರಿಸಿದ್ದಾರೆ. ಎದೆ ಡವಡವ. ಡಯಟ್ ಮಾಡದ ಗೆಳತಿಗೆ ಬಾಯಿ ಒಣಗಿ ತುತ್ತು ಸೇರುವುದಿಲ್ಲ. ಹೆದರಿದಾಗ ಹಸಿವು ಹಿಂದೆ ಸರಿಯುವುದು ದೇಹದ ಸಹಜ ಪಾಡು. ನಿಮ್ಮ ಚಮಚ ಮಾತ್ರ ನಿಲ್ಲುವುದಿಲ್ಲ. ಹಸಿವು ಕರೆದಾಗಲೆಲ್ಲ ಕಿವುಡಾಗಿ ಕೂತು ಅಭ್ಯಾಸವಾದವರಿಗೆ ಸಾಕು ಎನ್ನುವ ಕರೆಯೂ ಕೇಳಿಸದೇನೋ ಅನ್ನಿಸುತ್ತದೆ ನನಗೆ. ಬಟ್ಟಲು ತಗ್ಗಿದೆ, ಶಾಕಿನ ಭಯ ಇದ್ದಲ್ಲೇ ಇದೆ, ಈಗ ಅದರ ಮೇಲೆ ತಿಂದೆನಲ್ಲಾ ಎಂಬ ಕೊರಗು ಬೇರೆ.