ಐದು ಬೆರಳಿನ ಕಾಲುಚೀಲ ತೊಟ್ಟು ಹಿಮದ ಸರೋವರಕ್ಕೆ

ಬುರ್ಖಾದೊಂದಿಗೆ, ಚಪ್ಪಲಿಯೊಳಗೆ ತೊಡುವ ತೆಳ್ಳಗಿನ ಸಾಕ್ಸ್ ನಿಮಗೆ ಗೊತ್ತೇ ಇದೆ. ಅದರಲ್ಲಿ ಹೆಬ್ಬೆರಳಿಗೆ ಒಂದು ಗೂಡು, ಉಳಿದ ನಾಲ್ಕಕ್ಕೆ ಇನ್ನೊಂದು. ಆದರೆ ಕೈಗವಸಿನಂತೆ ಐದೂ ಬೆರಳುಗಳಿಗೆ ಬೇರೆ ಬೇರೆ ಗೂಡಿರುವ, ಅದೂ ಉಣ್ಣೆಯ ಕಾಲುಚೀಲವನ್ನು ನೋಡಿದ್ದೀರಾ? ನಾನು ಮೊದಲ ಬಾರಿ ನೋಡಿದ್ದು 2024ರ ಫೆಬ್ರವರಿಯಲ್ಲಿ, ನ್ಯೂಝಿಲೆಂಡಿನ ಡುನೆಡಿನ್ ನಗರದಲ್ಲಿರುವ ಮಗಳ ಮನೆಯಲ್ಲಿ.

"ಉಮ್ಮಾ, ಇದನ್ನು ಹಾಕಿಕೊಂಡರೆ ನೀವೂ ನಮ್ಮ ಜೊತೆ ನಡೆಯಬಹುದು" ಎಂದು ಅವಳು ಅದನ್ನು ಮಡಿಲಿಗೆ ಹಾಕಿದಾಗ ನನಗೆ ನಗು ಬಂತು. ಮಂಗನ ಪಾದದಂತೆ ಕಾಣುತ್ತಿತ್ತು!

ನಗುವಿನ ಹಿಂದೆ ಭಯವೂ ಇತ್ತು. ನನಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಗಿತ್ತು. ನನ್ನ ಉಮ್ಮನಿಗೂ ಇತ್ತು. ಕಿರುಬೆರಳ ಸಂದಿಯಲ್ಲಿ ಎದ್ದ ಸಣ್ಣ ಗುಳ್ಳೆಯೊಂದು ಅವರಿಗೆ ನೋಯಲೇ ಇಲ್ಲ. ನೋಯದ್ದರಿಂದ ಯಾರೂ ನೋಡಲಿಲ್ಲ. ಕೊನೆಗೆ ಬೆರಳನ್ನೇ ತೆಗೆಯಬೇಕಾಯಿತು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ, ಗಾಯವೂ ಬೇಗ ಮಾಗುವುದಿಲ್ಲ. ಅಂದಿನಿಂದ ದೂರ ನಡೆಯುವುದೆಂದರೆ ನನಗೆ ಹೆದರಿಕೆ.

ಮರುದಿನ ಓಮರು ದಾಟಿ ಒಳನಾಡಿಗೆ ಹೊರಟೆವು. ಓಮರಾಮಾದ ಹತ್ತಿರ ಬರುತ್ತಿದ್ದಂತೆ ಹಸಿರು ಕರಗಿ, ಒಣಹುಲ್ಲಿನ ಕಂದು ಗುಡ್ಡಗಳು ಎದ್ದು ನಿಂತವು. ಅಲ್ಲಿ ಮೇಯುತ್ತಿದ್ದದ್ದು ಮೆರಿನೋ ಕುರಿಗಳು. ಈ ತಳಿಯ ಶ್ರೆಕ್ ಎಂಬ ಕುರಿಯ ಕತೆಯನ್ನು ಅಳಿಯ ಹೇಳಿದರು. ಟಾರಸ್ ಬಳಿಯ ಫಾರ್ಮ್ ಒಂದರಿಂದ ತಪ್ಪಿಸಿಕೊಂಡ ಅದು ಆರು ವರ್ಷ ಕತ್ತರಿಗೆ ಸಿಗದೆ ಗುಹೆಗಳಲ್ಲಿ ಅಡಗಿತ್ತಂತೆ. 2004ರಲ್ಲಿ ಹಿಡಿದು ಕತ್ತರಿಸಿದಾಗ ಸಿಕ್ಕ ಉಣ್ಣೆ 27 ಕಿಲೋ! ಸಾಮಾನ್ಯವಾಗಿ ಒಂದು ಮೆರಿನೋ ಕುರಿಗೆ ಸುಮಾರು ನಾಲ್ಕೂವರೆ ಕಿಲೋ ಬರುತ್ತದೆ. ದೇಶಕ್ಕೇ ಅಚ್ಚುಮೆಚ್ಚಾಗಿದ್ದ ಶ್ರೆಕ್ 2011ರಲ್ಲಿ ಸತ್ತಿತು.

ಉಣ್ಣೆ ಎಂದರೆ ನಮಗೆ ನೆನಪಾಗುವುದು ನಮ್ಮ ಕರಿ ಕಂಬಳಿ. ಬೆಚ್ಚಗಿರುತ್ತದೆ, ಆದರೆ ಚುಚ್ಚುತ್ತದೆ. ಎಳೆ ದಪ್ಪಗಿರುವುದೇ ಇದಕ್ಕೆ ಕಾರಣ. ಸುಮಾರು 30 ಮೈಕ್ರಾನ್‌ಗಿಂತ, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿಗಿಂತ ದಪ್ಪಗಿರುವ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ತುರಿಸುತ್ತದೆ. ಮೆರಿನೋದ ಎಳೆ ಹೆಚ್ಚಾಗಿ 17ರಿಂದ 22 ಮೈಕ್ರಾನ್ ಅಷ್ಟೆ. ಚರ್ಮಕ್ಕೆ ತಾಗಿದಾಗ ಅದು ಬಾಗುತ್ತದೆ, ಚುಚ್ಚುವುದಿಲ್ಲ. ಜೊತೆಗೆ ಉಣ್ಣೆಯು ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ. ನಮ್ಮ ಹತ್ತಿಯ ಸಾಕ್ಸ್ ಹಾಗಲ್ಲ. ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ. ಒದ್ದೆ ಚರ್ಮ ಉಜ್ಜಿದರೆ ಗುಳ್ಳೆ ಏಳುತ್ತದೆ.

ಪುಕಾಕಿ ಸರೋವರದ ತಿರುವಿನಲ್ಲಿ ಕಾರು ನಿಲ್ಲಿಸಿದೆವು. ಹಿಮನದಿ ಅರೆದ ಕಲ್ಲಿನ ಹುಡಿ ನೀರಿನಲ್ಲಿ ತೇಲುವುದರಿಂದ ಸರೋವರಕ್ಕೆ ಹಾಲು ಬೆರೆಸಿದ ನೀಲಿ ಬಣ್ಣ. ಅದರಾಚೆ ನ್ಯೂಝಿಲೆಂಡಿನ ಅತಿ ಎತ್ತರದ ಶಿಖರ, 3,724 ಮೀಟರಿನ ಅವೊರಾಕಿ, ಅಂದರೆ ಮೌಂಟ್ ಕುಕ್. ಸುಬ್‌ಹಾನಲ್ಲಾಹ್! ಬೇರೆ ಮಾತು ಬರಲಿಲ್ಲ.

ಆ ಶಿಖರದ ಬುಡಕ್ಕೆ ಹೋಗುವ ಹೂಕರ್ ಕಣಿವೆಯ ದಾರಿ ಹೋಗಿ ಬರಲು ಆಗ 10 ಕಿಲೋಮೀಟರ್ ಇತ್ತು. ಏರು ಕಡಿಮೆ, ನಡುವೆ ಆಗ ಮೂರು ತೂಗುಸೇತುವೆಗಳಿದ್ದವು, ಕೊನೆಯಲ್ಲಿ ಮಂಜುಗಡ್ಡೆಗಳು ತೇಲುವ ಸರೋವರ. ಹೊರಡುವ ಮುಂಚೆ ಕಾಲುಚೀಲ ತೊಡಲು ಹೋದರೆ ಅದೇ ಒಂದು ಸಾಹಸ. ಒಂದೊಂದು ಬೆರಳನ್ನೂ ಅದರ ಗೂಡಿಗೆ ಕಳುಹಿಸಬೇಕು. ಕಿರುಬೆರಳು ಮಾತು ಕೇಳುವುದಿಲ್ಲ. ಐದು ವರ್ಷದ ಮೊಮ್ಮಗಳು ಕುಳಿತು ನನ್ನ ಬೆರಳುಗಳನ್ನು ಎಣಿಸಿ ಎಣಿಸಿ ತುರುಕಿದಳು.

ಮೊದಲ ಹತ್ತು ನಿಮಿಷ ಬೆರಳುಗಳ ನಡುವೆ ಏನೋ ಸಿಕ್ಕಿಕೊಂಡಂತೆ ಅನಿಸಿತು. ಆಮೇಲೆ ಮರೆತೇ ಹೋಯಿತು. ಎರಡನೆಯ ಸೇತುವೆ ದಾಟಿದಾಗ ಝುಹರ್‌ನ ಹೊತ್ತು. ಕಾಲುಚೀಲದ ಮೇಲೆ ಮಸಹ್ ಮಾಡುವ ಬಗ್ಗೆ ವಿದ್ವಾಂಸರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ನಾನು ಕಳಚಿಯೇ ಕಾಲು ತೊಳೆಯಲು ಕುಳಿತೆ. ಬೆರಳ ಸಂದಿಗಳು ಒಣಗಿದ್ದವು, ಒಂದು ಗೀರೂ ಇರಲಿಲ್ಲ. ಆದರೆ ಮಗಳು ಹಿಮ್ಮಡಿಯತ್ತ ಬೆರಳು ತೋರಿಸಿದಳು. ರೂಪಾಯಿಯಗಲದಷ್ಟು ಕೆಂಪಾಗಿತ್ತು. ನನಗೆ ಅದು ಗೊತ್ತೇ ಆಗಿರಲಿಲ್ಲ!

ಎದೆ ಧಸಕ್ಕೆಂದಿತು. ತಪ್ಪು ಕಾಲುಚೀಲದ್ದಲ್ಲ, ನಮ್ಮದು. ಬೆರಳುಗಳ ನಡುವೆ ಬಟ್ಟೆ ಬಂದಾಗ ಪಾದ ಅಗಲವಾಗುತ್ತದೆ, ಹಳೆಯ ಬೂಟು ಬಿಗಿಯಾಗುತ್ತದೆ. ಅದನ್ನು ನಾವು ಯೋಚಿಸಿರಲಿಲ್ಲ. "ಇನ್ನು ಸ್ವಲ್ಪವೇ ದೂರ" ಎಂದರು ಅಳಿಯ. ನನಗೂ ಆಸೆಯಿತ್ತು. ಆದರೆ ಉಮ್ಮನ ಪಾದ ಕಣ್ಣ ಮುಂದೆ ಬಂತು. ಕಾಲು ಒರೆಸಿ, ಹಿಮ್ಮಡಿಗೆ ಪಟ್ಟಿ ಹಚ್ಚಿ, ಲೇಸು ಸಡಿಲಿಸಿ, ಮಗಳ ಕೈ ಹಿಡಿದು ಹಿಂದಿರುಗಿದೆ.

ಆ ರಾತ್ರಿ ಅಲ್ಲೇ ತಂಗಿದೆವು. ಬೆಳಿಗ್ಗೆ ಕೆಂಪು ಪೂರ್ತಿ ಮಾಯವಾಗಿತ್ತು. ಮಗಳ ಬೂಟು ನನ್ನದಕ್ಕಿಂತ ಒಂದು ಅಳತೆ ದೊಡ್ಡದು. ಅದನ್ನು ತೊಟ್ಟು ಮತ್ತೆ ಹೊರಟೆವು. ಈ ಸಲ ಅರ್ಧ ಗಂಟೆಗೊಮ್ಮೆ ಕುಳಿತು ಪಾದ ನೋಡಿಕೊಂಡೆ. ಅಲ್‌ಹಮ್ದುಲಿಲ್ಲಾಹ್, ಮೂರನೆಯ ಸೇತುವೆಯೂ ದಾಟಿತು, ಸರೋವರವೂ ಬಂತು. ಬೂದು ನೀರಿನಲ್ಲಿ ಮಂಜುಗಡ್ಡೆಗಳು ನಿಶ್ಶಬ್ದವಾಗಿ ತೇಲುತ್ತಿದ್ದವು. ಅರವತ್ತರ ಹೊಸ್ತಿಲಲ್ಲಿ ನನ್ನ ಕಾಲುಗಳೇ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದವು.

ನೀವೂ ಇಂತಹ ಕಾಲುಚೀಲ ಕೊಳ್ಳುವುದಾದರೆ ಕೆಲವು ಮಾತು. ಬೆಲೆ ಹತ್ತಿಯದ್ದಕ್ಕಿಂತ ಬಹಳ ಹೆಚ್ಚು. ಬರೀ ಉಣ್ಣೆ ಬೇಗ ಸವೆಯುತ್ತದೆ, ಸ್ವಲ್ಪ ನೈಲಾನ್ ಬೆರೆತದ್ದು ಬಾಳಿಕೆ ಬರುತ್ತದೆ. ತಣ್ಣೀರಿನಲ್ಲಿ ಒಗೆದು, ಹಿಂಡದೆ ನೆರಳಿನಲ್ಲಿ ಒಣಗಿಸಿ. ನುಸಿ ತಿನ್ನದಂತೆ ಮುಚ್ಚಿಡಿ. ಬೂಟು ಕೊಳ್ಳುವಾಗ ಇದನ್ನೇ ತೊಟ್ಟು ಅಳತೆ ನೋಡಿ. ಸಕ್ಕರೆ ಕಾಯಿಲೆಯಿದ್ದರೆ ತಿಳಿಬಣ್ಣದ್ದೇ ಒಳ್ಳೆಯದು, ಗಾಯದ ಕಲೆ ಕೂಡಲೇ ಕಾಣುತ್ತದೆ. ಬೆರಳು ಸೊಟ್ಟಗಿದ್ದರೆ, ಹುಣ್ಣಿದ್ದರೆ ವೈದ್ಯರನ್ನು ಕೇಳದೆ ತೊಡಬೇಡಿ.

ಮಂಗಳೂರಿನ ಸೆಕೆಯಲ್ಲಿ ಈಗ ಅದು ಕಪಾಟಿನಲ್ಲಿದೆ. ಆದರೆ ಅದು ಕಲಿಸಿದ ಅಭ್ಯಾಸ ಉಳಿದಿದೆ. ಪ್ರತಿರಾತ್ರಿ ಇಶಾದ ನಂತರ ದೀಪದ ಕೆಳಗೆ ಕುಳಿತು ಸಂದಿಗಳನ್ನು ಒರೆಸಿ, ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತೇನೆ. ಎರಡೇ ನಿಮಿಷದ ಕೆಲಸ. ಮನೆಯವರೆಲ್ಲರ ಕಾಲಿನ ಮುಳ್ಳು ತೆಗೆಯುವ ನಾವು ನಮ್ಮ ಪಾದವನ್ನು ಕೊನೆಯದಾಗಿ ನೋಡಿಕೊಂಡದ್ದು ಯಾವಾಗ? ಈ ಪುಟ ಮಡಚುವ ಮೊದಲು ಒಮ್ಮೆ ನೋಡಿಕೊಳ್ಳಿ. ನಿಮ್ಮ ಮನೆಯಲ್ಲಿ ವಯಸ್ಸಾದ ಉಮ್ಮ ಇದ್ದರೆ ಅವರ ಪಾದವನ್ನೂ ನೋಡಿ. ನೋವಿಲ್ಲವೆಂದು ಅವರು ಹೇಳಿದರೂ ನೋಡಿ.