ಒಂಬತ್ತು ಸೆಕೆಂಡಿನ ಸಿಟ್ಟು

ಹೋದ ತಿಂಗಳು ಒಂದಿನ ಸಂಜಿಮುಂದ ನಮ್ಮ ಮಗಳು ಮೊಬೈಲ್ ತಲಿದಿಂಬಿನ ಮ್ಯಾಲೆ ಒಗದು, ಗ್ವಾಡಿ ಕಡೆ ಮುಖಾ ಮಾಡಿ ಮಲಗಿಬಿಟ್ಲು. ಪರೀಕ್ಷಾದಾಗ ಏನರ ಕಡಿಮಿ ಬಿತ್ತೇನೋ ಅಂತ ನನ್ನ ಎದಿ ಧಸಕ್ ಅಂತು. ಕೇಳಿದ್ರ, "ಇಡೀ ಹಾಡಿನಾಗ ಆಕಿಗೆ ಒಂಬತ್ತೇ ಸೆಕೆಂಡ್ ಕೊಟ್ಟಾರಮ್ಮಾ!" ಅಂದ್ಲು. ಆಕಿ ಅಂದ್ರ ಯಾರೋ ಕೊರಿಯಾದ ಹುಡುಗಿ. (ಯಾವ ಗುಂಪು, ಯಾರು ಅಂತ ಬರೀಬ್ಯಾಡ ಅಂತ ತಾಕೀತು ಆಗೇದ, ಅದಕ್ಕ ಬರಿಯೂದಿಲ್ಲ.) ನಾ ನಕ್ಕೆ. ನಕ್ಕದ್ದು ತಪ್ಪಾತು. ಎರಡು ದಿನ ಊಟಕ್ಕ ಕರದ್ರ "ಹೂಂ" ಅನ್ನೂದು ಬಿಟ್ರ ಬ್ಯಾರೆ ಮಾತಿಲ್ಲ.

ಮೂರನೇ ದಿನ ಚುರುಮುರಿ ಹಚ್ಚಿಕೊಂಡು ಹೋಗಿ ಆಕಿ ಬಾಜೂಕ ಕೂತೆ. "ಹೇಳವಾ, ಏನದು" ಅಂದೆ. ಹೇಳ್ಲಿಕ್ಕೆ ಹತ್ತಿದ್ಲು ನೋಡ್ರಿ, ರಾತ್ರಿ ಹನ್ನೊಂದಾತು.

ಆ ಗುಂಪಿನಾಗ ಒಬ್ಬೊಬ್ಬರಿಗೂ ಒಂದೊಂದು ಪದವಿ ಇರ್ತದಂತ. ಒಬ್ಬಾಕಿ ಲೀಡರ್. ಒಬ್ಬಾಕಿ ಮೇನ್ ವೋಕಲ್. ಆಕಿ ಕೆಳಗ ಲೀಡ್ ವೋಕಲ್. ಲೀಡ್ ಅಂದ್ರ ಮೊದಲನೇದಲ್ಲ, ಎರಡನೇದು! ಇದು ನನ್ನ ತಲಿಗೆ ಹೋಗ್ಲಿಕ್ಕೇ ಅರ್ಧಾ ತಾಸು ಹಿಡೀತು. ಉಳಿದವರು ಸಬ್ ವೋಕಲ್. ರ್‍ಯಾಪ್‌ನಾಗೂ ಹಂಗ, ಕುಣಿಯೂದರಾಗೂ ಹಂಗ. ನಡುವ ನಿಂದ್ರಾಕಿ ಸೆಂಟರ್, ಎಲ್ಲಾರಕಿಂತ ಸಣ್ಣಾಕಿ ಮಕ್ನೆ. ಚಂದ ಕಾಣೂದಕ್ಕೂ ಒಂದು ಪದವಿ ಅದ, "ವಿಷುವಲ್" ಅಂತ. ಇದೊಂದು ನನಗ ಒಟ್ಟ ಸೇರಲಿಲ್ಲ. ಒಬ್ಬಾಕಿಗೆ ಚಂದದ ಪದವಿ ಕೊಟ್ರ ಬಾಜೂಕ ನಿಂತ ಉಳಿದ ಹುಡುಗ್ಯಾರು ಏನು ಅಂದುಕೋಬೇಕು? ಹಾಡು ಮುಗಿಯೂ ಮುಂದ ಟೀವಿ ಕ್ಯಾಮೆರಾ ಒಬ್ಬರ ಮುಖದ ಮ್ಯಾಲೆ ಬಂದು ನಿಂತುಬಿಡ್ತದ, ಆಕಿ ತೇಕುತ್ತ ನಗಬೇಕು. ಅದಕ್ಕ "ಎಂಡಿಂಗ್ ಫೇರಿ" ಅಂತಾರ. ಮಂಗಳಾರತಿ ಹೊತ್ತಿಗೆ ಸರಿಯಾಗಿ ಪೈಠಣಿ ಉಟ್ಟುಕೊಂಡು ಬಂದು ಆರತಿ ತಾಟು ಹಿಡಿಯೂ ಮಂದಿ ನಮ್ಮ ಬಳಗದಾಗೂ ಇದ್ದಾರ, ಹೆಸರು ಬ್ಯಾಡ.

ಅಲ್ಲಿನೂ ನಮ್ಮಂಗ ದೊಡ್ಡವರಿಗೆ ಬರೀ ಹೆಸರು ಹಿಡದು ಕರಿಯೂದಿಲ್ಲ. ಹುಡುಗ್ಯಾರು ದೊಡ್ಡಾಕಿಗೆ "ಒನ್ನಿ" ಅಂತಾರ, ಹುಡುಗ್ರು ದೊಡ್ಡಾಂವಗ "ಹ್ಯೊಂಗ್" ಅಂತಾರ, ಅಕ್ಕ ಅಣ್ಣ ಅಂದಂಗ. ಹಂಗಂತ ದೊಡ್ಡವರೇ ಯಜಮಾನಕಿ ಮಾಡಬೇಕಂತಿಲ್ಲ. 2013ರಾಗ ಶುರುವಾದ ಬಿಟಿಎಸ್‌ನಾಗ ಏಳು ಹುಡುಗ್ರು, ಆರ್‌ಎಂ ಅನ್ನಾಂವ ಲೀಡರ್. ಅವನಕಿಂತ ವಯಸ್ಸಿನಾಗ ದೊಡ್ಡವರು ಮೂವರು ಇದ್ದಾರ: ಜಿನ್, ಶುಗಾ, ಜೆ-ಹೋಪ್. ಇನ್ನ ಎಲ್ಲಾರಕಿಂತ ಸಣ್ಣಾಂವ ಜಂಗ್‌ಕುಕ್, ಅವನೇ ಮೇನ್ ವೋಕಲ್. ಇದನ್ನ ನಮ್ಮ ಅತ್ತಿಯವರಿಗೆ ಫೋನಿನಾಗ ಹೇಳಿದೆ. "ಮೂರು ಮಂದಿ ಹಿರೇರು ಇರೂವಾಗ ನಾಕನೇಯವನ ಕೈಯಾಗ ಕೀಲಿಕೈ ಕೊಟ್ರ?" ಅಂತ ಗಾಬರಿ ಅವರಿಗೆ. ಬ್ಲ್ಯಾಕ್‌ಪಿಂಕ್‌ನಾಗ ನಾಕೇ ಹುಡುಗ್ಯಾರು, ಲೀಡರೇ ಇಲ್ಲ ಅಂದೆ. "ಅದು ಹೆಂಗ ನಡೀತದ?" ಅಂದ್ರು. 2016ರಿಂದ ನಡದದ.

ಈ ಪದವಿ ಹಂಚೂದು ಯಾರಪಾ ಅಂದ್ರ ಬಹುತೇಕ ಕಂಪನಿ. ಹುಡುಗ್ಯಾರು ವರ್ಷಗಟ್ಟಲೆ ಅಲ್ಲೇ ಕಲಿತಿರ್ತಾರ. ಟ್ವೈಸ್ ಗುಂಪಿನ ಜಿಹ್ಯೊ ವೇದಿಕಿ ಹತ್ತೂಕ್ಕಿಂತ ಮೊದಲು ಹತ್ತು ವರ್ಷ ಬರೇ ಕಲಿತಾಳ. ಯಾರ ದನಿ ಎಲ್ಲಿ ಕೂಡ್ತದ, ಯಾರು ಎಲ್ಲಿ ನಿಂತ್ರ ಚಂದ ಅಂತ ಬ್ಯಾರೆಯವರು ಕೂತು ಗೆರಿ ಹೊಡೀತಾರ.

ಆಮ್ಯಾಲೆ ಮಗಳು ಲೆಕ್ಕಾ ಹೇಳಿದ್ಲು. ಮೂರು ನಿಮಿಷದ ಹಾಡು ಅಂದ್ರ 180 ಸೆಕೆಂಡ್. ಟ್ವೈಸ್‌ನಾಗ 9 ಮಂದಿ, ಸಮ ಹಂಚಿದ್ರ ತಲಿಗೆ 20. ಸೆವೆಂಟೀನ್‌ನಾಗ 13 ಮಂದಿ, ತಲಿಗೆ 14 ಸಹಿತ ಬರೂದಿಲ್ಲ. ಅದರಾಗ ಬರೀ ವಾದ್ಯ ನುಡಿಯೂ ಜಾಗಾ ತಗೀಬೇಕು, ಮತ್ತ ಮತ್ತ ಬರೂ ಪಲ್ಲವಿ ಗಟ್ಟಿ ದನಿಯವರಿಗೇ ಹೋಗ್ತದ. ಉಳಿದದ್ದು ಉಳಿದವರಿಗೆ. ಯಾರು ಎಷ್ಟು ಸೆಕೆಂಡ್ ಹಾಡಿದ್ರು ಅಂತ ಅಭಿಮಾನಿಗಳು ಬಣ್ಣ ಬಣ್ಣದ ಪಟ್ಟಿ ಹಾಕಿ ವಿಡಿಯೋ ಮಾಡ್ತಾರ. ಸಂತಿಯೊಳಗ ತಕ್ಕಡಿ ಹಿಡದಂಗ!

ಹಂಚಲಿಕ್ಕೆ ಅವರೂ ಒಂದಿಷ್ಟು ದಾರಿ ಹುಡುಕ್ಯಾರ. ಸೆವೆಂಟೀನ್ ಅನ್ನೂ ಹೆಸರೇ ಒಂದು ಲೆಕ್ಕ. 13 ಹುಡುಗ್ರು, 3 ತಂಡ, ಎಲ್ಲಾ ಕೂಡಿ 1 ಗುಂಪು, ಒಟ್ಟು 17. ರ್‍ಯಾಪಿನವರದು ಒಂದು ತಂಡ, ಹಾಡಾವರದು ಒಂದು, ಕುಣಿಯಾವರದು ಒಂದು. ಪ್ರತಿ ತಂಡಕ್ಕ ಅದರದೇ ಲೀಡರ್, ಅದರದೇ ಹಾಡು. ಬಿಟಿಎಸ್‌ನವರು 2016ರಾಗ "ವಿಂಗ್ಸ್" ಅಂತ ಆಲ್ಬಮ್ ಮಾಡಿದಾಗ ಏಳೂ ಮಂದಿಗೆ ಒಂದೊಂದು ಒಂಟಿ ಹಾಡು ಕೊಟ್ರು. ಜಿನ್‌ಗೆ ಸಾಲು ಕಡಿಮಿ ಅನ್ನೂದು ಅವನ ಅಭಿಮಾನಿಗಳ ಹಳೇ ದೂರು. ಅಂಥಾವನ ಪಾಲಿಗೂ ಒಂದು ಇಡೀ ಹಾಡು ಬಂತು.

ನನ್ನ ಮನಸ್ಸಿನಾಗ ಕೂತದ್ದು ಮಾತ್ರ ಇಎಕ್ಸ್‌ಐಡಿ ಅನ್ನೂ ಗುಂಪಿನ ಕತಿ. ಐದು ಹುಡುಗ್ಯಾರು. 2014ರ ಆಗಸ್ಟ್‌ನಾಗ "ಅಪ್ ಆ್ಯಂಡ್ ಡೌನ್" ಅಂತ ಹಾಡು ಬಿಟ್ರು, ಯಾರೂ ಕೇಳಲಿಲ್ಲ, ಪಟ್ಟಿಯಿಂದ ಕೆಳಗ ಇಳದು ಹೋತು. ಅಕ್ಟೋಬರ್‌ನಾಗ ಒಂದು ಕಾರ್ಯಕ್ರಮದಾಗ ಅಭಿಮಾನಿ ಒಬ್ಬಾಂವ ಹಾನಿ ಅನ್ನೂ ಒಬ್ಬಾಕಿ ಮ್ಯಾಲೇ ಕ್ಯಾಮೆರಾ ಹಿಡದು ವಿಡಿಯೋ ಮಾಡಿ ಹಾಕಿದ. (ಹೆಸರು ಹಾನಿ, ಆದದ್ದು ಲಾಭ, ನೋಡ್ರಿ.) ಊರೆಲ್ಲಾ ಅದನ್ನ ನೋಡ್ತು. ಸತ್ತ ಹಾಡು ಎದ್ದು ಮ್ಯಾಲೆ ಹತ್ತಿ, 2015ರ ಜನವರಿಯಾಗ ಟೀವಿ ಕಾರ್ಯಕ್ರಮದಾಗ ಮೊದಲನೇ ನಂಬರ್ ಬಂತು. ಐದು ಮಂದಿಯ ಹಾಡು, ಆದ್ರ ಮಂದಿ ಬಾಯಾಗ ಒಬ್ಬಾಕಿ ಹೆಸರು. ಟೀವಿಯವರು ಕರೀಲಿಕ್ಕೆ ಹತ್ತಿದ್ದೂ ಆಕಿಗೇ.

ಆ ಗುಂಪಿನ ಮೇನ್ ವೋಕಲ್ ಸೋಲ್ಜಿ ಅಂತ. ಗುಂಪು 2012ರಾಗ ಶುರುವಾತು, ಈಕಿ ಆಮ್ಯಾಲೆ ಅದೇ ವರ್ಷ ಬಂದು ಸೇರಿದಾಕಿ, ಐದು ಮಂದಿಯೊಳಗ ದೊಡ್ಡಾಕಿ. ಹಾಡಿನ ಎತ್ತರದ ಜಾಗಾ ಎಲ್ಲಾ ಈಕಿ ಗಂಟಲಾಗ. ಆ ವರ್ಷ ಫೆಬ್ರುವರಿಯಾಗ ಅಲ್ಲಿಯ ಎಂಬಿಸಿ ಚಾನಲ್‌ನಾಗ ಮುಖವಾಡ ಹಾಕ್ಕೊಂಡು ಹಾಡೂ ಸ್ಪರ್ಧಾ ಮೊದಲನೇ ಸಲ ಇಟ್ರು. ಮುಖಾ ಕಾಣೂದಿಲ್ಲ, ಹೆಸರು ಹೇಳೂದಿಲ್ಲ, ಬರೀ ದನಿ. ಗೆದ್ದಾಕಿ ಮುಖವಾಡ ತಗದ್ರ, ಸೋಲ್ಜಿ! ಇದನ್ನ ಹೇಳೂವಾಗ ಮಗಳ ಕಣ್ಣಾಗ ನೀರು. ನನ್ನ ಗಂಟಲೂ ಕಟ್ಟಿತು, ಚುರುಮುರಿ ಖಾರ ಅಂತ ಹೇಳಿ ನೀರು ಕುಡದೆ.

ಆದರೂ ದೊಡ್ಡವರ ಚಟ ಬಿಡ್ತದೇನ್ರಿ? "ಹೋಗ್ಲಿ ಬಿಡವಾ, ಯಾರಿಗೆ ಎಷ್ಟು ಸೆಕೆಂಡ್ ಸಿಕ್ರ ನಮಗೇನು, ಹಾಡು ಚಂದ ಆದ್ರ ಆತು" ಅಂದೆ. ಆಕಿ ಪಟ್ನ ತಿರುಗಿ, "ನೀ ಎಣಿಸೂದಿಲ್ಲೇನು? ಯುಗಾದಿಗೆ ಊರಿಂದ ಬರೂವಾಗ ಬಸ್ಸಿನಾಗ ಅಪ್ಪನ ಮುಂದ ಏನಂದಿ?" ಅಂದ್ಲು.

ಅಂದದ್ದು ಖರೇ. ಮುಂಜಾನೆ ಐದಕ್ಕ ಎದ್ದು ಬ್ಯಾಳಿ ಕುದಿಸಿ, ಕಟ್ಟು ಬಸದು, ಬೆಲ್ಲಾ ಹಾಕಿ ಹೂರಣ ಮಾಡಿ, ಕಟ್ಟಿನ ಸಾರಿಗೆ ಮಸಾಲಿ ಹುರದಾಕಿ ನಾನು. ಹಂಚಿನ ಮುಂದ ನಿಂತು ಹೋಳಿಗಿ ಬೇಯಿಸಿದಾಕಿ ನನ್ನ ನೆಗೆಣ್ಣಿ. ಪಂಕ್ತಿಯೊಳಗ ಅತ್ತಿಯವರು "ಹೋಳಿಗಿ ನಮ್ಮ ಸಣ್ಣಾಕಿ ಮಾಡ್ಯಾಳ, ಹೂವಿನಂಗ ಅವ" ಅಂತ ಮೂರು ಸಲ ಹೇಳಿದ್ರು. ಮೂರು ಸಲ. ಎಣಿಸೇನಲ್ಲ! ಬಸ್ಸಿನಾಗ ಹುಬ್ಬಳ್ಳಿ ಬರೂತನಕಾ ನಾ ಅದನ್ನೇ ಅಂದೆ. ಹಿಂದಿನ ಸೀಟಿನಾಗ ಕಿವಿಗೆ ವಯರ್ ಹಾಕ್ಕೊಂಡು ಕೂತಾಕಿ ಹಾಡು ಕೇಳ್ತಾಳ ಅಂತ ತಿಳದಿದ್ದೆ.

ರಾತ್ರಿ ನಿದ್ದಿ ಬರಲಿಲ್ಲ. ಮರುದಿನ ನೆಗೆಣ್ಣಿಗೆ ಫೋನ್ ಮಾಡಿ ಎಲ್ಲಾ ಹೇಳಿಬಿಟ್ಟೆ, ಕೊರಿಯಾದ್ದೂ, ಬಸ್ಸಿಂದೂ. (ಆಕೀನೂ ಇದನ್ನ ಓದ್ತಾಳ. ನಗಬ್ಯಾಡವಾ.) ಆಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ಹಂಗ ಹೊಗಳಿ ಹೊಗಳಿನೇ ನನ್ನ ಪ್ರತಿ ಹಬ್ಬಕ್ಕ ಮೂರು ತಾಸು ಹಂಚಿನ ಮುಂದ ನಿಂದ್ರಸ್ತಾರ. ಒಂದು ಹರದ್ರ ಎಲ್ಲಾರ ಕಣ್ಣು ಅದರ ಮ್ಯಾಲೆ. ನಿಮ್ಮ ಹೂರಣ ಗಟ್ಟಿ ಆತೋ ತೆಳ್ಳಗ ಆತೋ ಯಾರರ ಕೇಳ್ತಾರೇನು?" ಅಂದ್ಲು. ಈ ಕಡಿಂದ ನಾ ಎಂದೂ ನೋಡಿರಲಿಲ್ಲ.

ಇದನ್ನ ಮಗಳಿಗೆ ಹೇಳಿದ್ರ ಆಕಿಗೇನೂ ಹೊಸದು ಅನಸ್ಲಿಲ್ಲ. ಟ್ವೈಸ್‌ನ ಮೀನಾ ಅನ್ನಾಕಿಗೆ 2019ರಾಗ ವೇದಿಕಿ ಮ್ಯಾಲೆ ನಿಂದ್ರೂದೇ ಅಂಜಿಕಿ ಆಗಿ, ಪರದೇಶ ಪ್ರವಾಸದ ನಡುವನೇ ವಿಶ್ರಾಂತಿ ತೊಗೊಂಡ್ಲಂತ. ಉಳಿದ ಎಂಟು ಮಂದಿ ಪ್ರವಾಸ ನಡಿಸಿದ್ರು. ಆಮ್ಯಾಲೆ ಆಕಿ ತಿರುಗಿ ಬಂದ್ಲು. "ಬೆಳಕು ಹೆಚ್ಚಾದ್ರೂ ಸುಡ್ತದಮ್ಮಾ" ಅಂತು ನನ್ನ ಕೂಸು. ಹಂಗಂತ ಆ ಒಂಬತ್ತು ಸೆಕೆಂಡ್ ಆಕಿ ಇನ್ನೂ ಮರತಿಲ್ಲ. ಹೊಸ ಹಾಡು ಬರ್ಲಿಕ್ಕತ್ತದಂತ, ಕೈಯಾಗ ಗಡಿಯಾರ ಹಿಡದು ಕೂತಾಳ.

ಶ್ರಾವಣದಾಗ ಊರಿಗೆ ಹೋಗೂದದ. ನೆಗೆಣ್ಣಿ ಹೇಳ್ಯಾಳ, ಈ ಸಲ ನಾ ಹಂಚಿನ ಮುಂದ, ಆಕಿ ಬ್ಯಾಳಿ ಕುದಸೂದು ಅಂತ. ನಾ ಲಟ್ಟಿಸಿದ ಹೋಳಿಗಿ ಅಂಚು ಹರೀತಾವ ಅನ್ನೂದು ಆಕಿಗೂ ಗೊತ್ತದ, ಅತ್ತಿಯವರಿಗೂ ಗೊತ್ತದ. ಅಷ್ಟರಾಗ ಯಾರರ ನನಗ ಅಂಚು ಹರೀಲಾರದಂಗ ಲಟ್ಟಿಸೂದು ಹೇಳಿಕೊಡ್ರಿ.