ಬೋರಾಮಣಿಯಿಂದ ಲೆಸ್ಟರಿಗೆ

'ದೇಶ ಸುತ್ತು, ಕೋಶ ಓದು' ಎಂದು ಹಿರಿಯರು ಹೇಳಿದ್ದಾರೆ. ಈಗ ನಮ್ಮ ಸಮಾಜದ ಮಕ್ಕಳು ಎರಡನ್ನೂ ಒಟ್ಟಿಗೇ ಮಾಡಲು ಹೊರದೇಶಗಳಿಗೆ ಹೋಗುತ್ತಿದ್ದಾರೆ. ಕಳಿಸುವ ತಂದೆತಾಯಿಗಳಿಗೆ ಮಾತ್ರ ಚಿಂತೆ ತಪ್ಪಿದ್ದಲ್ಲ. ಮಗು ಏನು ಉಂಡೀತು? ಎಲ್ಲಿ ಇದ್ದೀತು? ಯಾರೊಡನೆ ಮಾತಾಡೀತು? ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಒಂದು ವರ್ಷ ಓದಿ ಬಂದ ನನ್ನನ್ನು ಬಂಧುಗಳು ಇಂದಿಗೂ ಇವೇ ಪ್ರಶ್ನೆ ಕೇಳುತ್ತಾರೆ. ನಾಲ್ಕು ಮನೆಗಳಿಗೆ ಉಪಯೋಗವಾದೀತೆಂದು ನನ್ನ ಅನುಭವವನ್ನು ಬರೆಯುತ್ತಿದ್ದೇನೆ.

ನಮ್ಮದು ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಮೇಲಿನ ಬೋರಾಮಣಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸೊಲ್ಲಾಪುರದ ಪೇಟೆಗೆ ಹೋದರೆ ಹಿಂದಿ, ತೆಲುಗು ಎಲ್ಲವೂ ಕಿವಿಗೆ ಬೀಳುತ್ತವೆ. ನಮ್ಮೂರಲ್ಲಿ ವಿಮಾನ ನಿಲ್ದಾಣವಾಗುತ್ತದೆಂದು ಜಮೀನು ತೆಗೆದುಕೊಂಡಾಗ ನಮ್ಮ ಹೊಲವೂ ಅದರಲ್ಲಿ ಹೋಯಿತು. 2025ರಲ್ಲಿ ಸೊಲ್ಲಾಪುರದಿಂದ ವಿಮಾನ ಹಾರಾಟ ಶುರುವಾದದ್ದು ಹೋಟಗಿ ರಸ್ತೆಯ ಹಳೆಯ ನಿಲ್ದಾಣದಿಂದ, ಆ ಮಾತು ಬೇರೆ. ಹೊಲದ ಹಣವನ್ನು ಅಪ್ಪ ಮುಟ್ಟದೆ ಬ್ಯಾಂಕಿನಲ್ಲಿ ಇಟ್ಟಿದ್ದರು. 2022ರಲ್ಲಿ ಜವಳಿ ವಿನ್ಯಾಸದ ಸ್ನಾತಕೋತ್ತರ ಓದಿಗೆ ನಾನು ಹೊರಟಾಗ ಅದೇ ಹಣ ಫೀಸಾಯಿತು. ಹೋದ ಹೊಲ ಮತ್ತೆ ಬಾರದು. ಓದನ್ನು ಅರ್ಧಕ್ಕೆ ಬಿಟ್ಟು ಬರುವಂತಿಲ್ಲ ಎಂಬುದು ನನಗೆ ವಿಮಾನ ಹತ್ತುವ ಮೊದಲೇ ಗೊತ್ತಿತ್ತು.

ಅವ್ವ ಪೆಟ್ಟಿಗೆಯಲ್ಲಿ ಸೊಲ್ಲಾಪುರಿ ಚಾದರ, ಖಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ ತುಂಬಿದಳು. ಅವಳು ಕೇಳಿದ್ದು ಒಂದೇ ಮಾತು: "ಹೊತ್ತು ಮುಳುಗೂದ್ರಾಗ ಉಣ್ಣವ್ವಾ. ಮತ್ತೇನೂ ಕೇಳೂದಿಲ್ಲ ನಾ." ನಾನು ಹೂಂ ಎಂದೆ.

ಅಲ್ಲಿ ಮೊದಲು ಎದುರಾದದ್ದು ವಸತಿಯ ತೊಂದರೆ. ಮನೆ ಮಾಲೀಕರೊಬ್ಬರು ಆ ದೇಶದವರೇ ಒಬ್ಬರು ಜಾಮೀನು ನಿಲ್ಲಬೇಕು, ಇಲ್ಲವಾದರೆ ಆರು ತಿಂಗಳ ಬಾಡಿಗೆ ಮುಂಗಡ ಕೊಡಬೇಕು ಎಂದರು. ನನಗೆ ಎರಡೂ ಸಾಧ್ಯವಿರಲಿಲ್ಲ. ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಜೈನ ಕೇಂದ್ರವಿದೆ. ಹಳೆಯ ಚರ್ಚ್ ಕಟ್ಟಡವನ್ನು ಕೊಂಡು, ಮುಂಭಾಗಕ್ಕೆ ಕೆತ್ತನೆಯ ಅಮೃತಶಿಲೆ ಹೊದಿಸಿ, 1988ರಲ್ಲಿ ಪ್ರತಿಷ್ಠೆ ಮಾಡಿದ ಬಸದಿ ಅದು. ಶ್ವೇತಾಂಬರ, ದಿಗಂಬರ ಇಬ್ಬರಿಗೂ ಒಂದೇ ಸೂರಿನ ಕೆಳಗೆ ಸ್ಥಳವಿದೆ. ದರ್ಶನಕ್ಕೆ ಹೋದಾಗ ಪರಿಚಯವಾದ ಗುಜರಾತಿ ಅಜ್ಜಿಯೊಬ್ಬರು ತಮ್ಮ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಟ್ಟರು. ಎಲ್ಲರೂ ಅವರನ್ನು 'ಬಾ' ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ.

ಬಾ ಹುಟ್ಟಿದ್ದು ಯುಗಾಂಡಾದ ಕಂಪಾಲಾದಲ್ಲಿ. 1972ರ ಆಗಸ್ಟಿನಲ್ಲಿ ಇದಿ ಅಮೀನ್ ಏಷ್ಯಾದವರೆಲ್ಲ 90 ದಿನಗಳಲ್ಲಿ ದೇಶ ಬಿಡಬೇಕೆಂದು ಆಜ್ಞೆ ಮಾಡಿದ. ಲೆಸ್ಟರಿನ ನಗರಸಭೆ ಅಲ್ಲಿಯ 'ಯುಗಾಂಡಾ ಆರ್ಗಸ್' ಪತ್ರಿಕೆಯಲ್ಲಿ 'ನಮ್ಮ ಊರಿಗೆ ಬರಬೇಡಿ' ಎಂದು ಜಾಹೀರಾತು ಕೊಟ್ಟಿತು. ಆದರೂ ಸಾವಿರಾರು ಜನ ಬಂದರು, ನೆಲೆಯೂರಿದರು. ಇಂದು ಆ ಊರಿನಲ್ಲಿ ಇಂಗ್ಲಿಷಿನ ನಂತರ ಹೆಚ್ಚು ಜನರ ಮನೆಮಾತು ಗುಜರಾತಿ. ಬಾ ಹೊಸೈರಿ ಕಾರ್ಖಾನೆಯಲ್ಲಿ ಹೊಲಿಗೆಗೆ ಸೇರಿದಾಗ ಅವರಿಗೆ ಇಂಗ್ಲಿಷಿನ ಹತ್ತು ಮಾತೂ ಬರುತ್ತಿರಲಿಲ್ಲವಂತೆ.

ಒಂದು ದಿನ ನನಗೆ ಭಾಕರಿ ತಿನ್ನುವ ಆಸೆಯಾಗಿದೆ ಎಂದೆ. ಸೊಲ್ಲಾಪುರದಲ್ಲಿ ಮರಾಠಿಯವರು ನಮ್ಮ ಜೋಳದ ರೊಟ್ಟಿಗೆ ಹೇಳುವ ಹೆಸರು ಅದು. ಬಾ ಸಂಜೆ ಸಂತೋಷದಿಂದ ಗೋಧಿ ಹಿಟ್ಟಿನ ದಪ್ಪ ಬಿಲ್ಲೆಗಳನ್ನು ಬೇಯಿಸಿ ಇಟ್ಟರು! ಗುಜರಾತಿನವರ ಭಾಖರಿ ಅದೇ. ನಮ್ಮ ರೊಟ್ಟಿಗೆ ಅವರು 'ಜುವಾರನೋ ರೋಟಲೋ' ಎನ್ನುತ್ತಾರೆಂದು ಅಂದು ತಿಳಿಯಿತು. ಬೆಲ್‌ಗ್ರೇವ್ ರಸ್ತೆಯ ಅಂಗಡಿಯಲ್ಲಿ ಆ ಹೆಸರು ಹೇಳಿದೊಡನೆ ಜೋಳದ ಹಿಟ್ಟಿನ ಚೀಲ ಕೈಗೆ ಬಂತು. ಹೆಸರು ತಿಳಿಯದೆ ಅದೇ ಅಂಗಡಿಯ ಮುಂದೆ ನಾನು ಎಷ್ಟು ಸಲ ಹಾದುಹೋಗಿದ್ದೆನೋ!

ಸೆಪ್ಟೆಂಬರಿನಲ್ಲಿ ಸೂರ್ಯ ಮುಳುಗುವುದು ಏಳರ ಸುಮಾರಿಗೆ, ಆಗ ತೊಂದರೆ ಇರಲಿಲ್ಲ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯಾಸ್ತ. ನನ್ನ ತರಗತಿ ಎರಡರಿಂದ ಐದರವರೆಗೆ. ಮನೆಗೆ ಬರುವಾಗ ಕತ್ತಲು, ಮರುದಿನ ಬೆಳಗಾಗಲು ಎಂಟು ಗಂಟೆ. ಎರಡು ವಾರ ಮಧ್ಯಾಹ್ನದ ಊಟದ ಮೇಲೆಯೇ ಕಳೆದೆ. ತಲೆ ಸುತ್ತತೊಡಗಿತು, ಓದು ಹಿಂದೆ ಬಿತ್ತು. ಅವ್ವನ ಮಾತು ಉಳಿಸಬೇಕೋ ಅಪ್ಪನ ಹೊಲ ಉಳಿಸಬೇಕೋ ಎನ್ನುವ ಹಾಗಾಯಿತು.

ಬಾ ಒಂದು ದಿನ ನನ್ನ ಮುಖ ನೋಡಿ ವಿಷಯ ಕೇಳಿದರು. "ಬೇಟಾ, ನೀನು ಮಾಸ್ತರರಿಗೆ ಹೇಳಿದ್ದೀಯಾ? ನಾನು ಕಾರ್ಖಾನೆಯ ಮೇಡಮ್ಮಿಗೆ ಕೈಸನ್ನೆಯಲ್ಲಿ ಸೂರ್ಯನನ್ನು ತೋರಿಸಿ ಹೇಳಿದ್ದೆ. ನಿನಗೆ ಇಂಗ್ಲಿಷ್ ಬರುತ್ತದಲ್ಲ!" ಎಂದರು. ಮರುದಿನ ನಮ್ಮ ಅಧ್ಯಾಪಕರಿಗೆ ವ್ರತದ ವಿಷಯವನ್ನು ಎರಡು ವಾಕ್ಯದಲ್ಲಿ ತಿಳಿಸಿದೆ. ಅವರು ಸ್ವಲ್ಪ ಯೋಚಿಸಿ, ಅಂದಿನಿಂದ ಮೂರೂವರೆಗೆ ಇಡೀ ತರಗತಿಗೆ ಹದಿನೈದು ನಿಮಿಷ ಚಹಾದ ಬಿಡುವು ಕೊಟ್ಟರು. ಡಬ್ಬಿಯ ರೊಟ್ಟಿ-ಚಟ್ನಿಯ ರುಚಿ ನೋಡಲು ಚೀನಾದ ಒಬ್ಬ ಹುಡುಗಿ, ನೈಜೀರಿಯಾದ ಇನ್ನೊಬ್ಬಳು ನನ್ನ ಪಕ್ಕ ಬಂದು ಕುಳಿತರು. ಆ ಊರಲ್ಲಿ ನನಗೆ ಗೆಳತಿಯರು ಸಿಕ್ಕಿದ್ದು ಹೀಗೆ.

ಹೊಸ ಊರಿನಲ್ಲಿ ನೆಲೆಯೂರುವುದೆಂದರೆ ನಮಗೆ ಬೇಕಾದದ್ದನ್ನು ಎದುರಿನವರಿಗೆ ತಿಳಿಯುವ ಮಾತಿನಲ್ಲಿ ಹೇಳಲು ಕಲಿಯುವುದು, ಇದು ನಾನು ಕಂಡುಕೊಂಡದ್ದು. ಗಡಿನಾಡಿನ ಮಕ್ಕಳಿಗೆ ಇದು ಹೊಸದಲ್ಲ. ಮೊದಲನೆಯ ಇಯತ್ತೆಗೆ ಹೋದ ದಿನವೇ ನಾವು ಹೊಸ್ತಿಲಲ್ಲಿ ಮಾತು ಬದಲಿಸಿದವರು. ಹಾಗೆಂದು ಮನೆಯ ಕನ್ನಡವೇನೂ ಸೋರಿಹೋಗಲಿಲ್ಲ.

ಮಕ್ಕಳನ್ನು ಕಳಿಸುವ ತಂದೆತಾಯಿಗಳಲ್ಲಿ ಒಂದೆರಡು ಬಿನ್ನಹ. ವಿದ್ಯಾರ್ಥಿ ವೀಸಾದವರು ಅಲ್ಲಿ ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ದುಡಿದೇ ಫೀಸು ಕಟ್ಟುತ್ತಾರೆಂದು ನಂಬಬೇಡಿ. ಗಂಡಾಗಲಿ ಹೆಣ್ಣಾಗಲಿ, ರೊಟ್ಟಿ ಬಡಿಯಲು ಕಲಿಸಿ ಕಳಿಸಿರಿ. ವ್ರತನಿಯಮಗಳನ್ನು ಹೇಳಿಕೊಡುವಾಗ, ಅವುಗಳನ್ನು ಪರರಿಗೆ ನಾಚಿಕೆಯಿಲ್ಲದೆ, ಜಂಬವಿಲ್ಲದೆ ವಿವರಿಸುವುದನ್ನೂ ಹೇಳಿಕೊಡಿರಿ. ಕೇಳಿದರೆ ಕೊಡುವವರು ಎಲ್ಲ ದೇಶದಲ್ಲೂ ಇದ್ದಾರೆ.